ಮರ ಬೇಡವೆಂದ ಗುಡ್ಡ

ಆಕ್ಸ್‌ಫರ್ಡ್
27 ಫೆಬ್ರವರಿ 1972

ಥರ್ಜಕ್ಕಾ,

ಕ್ರಿಸ್‌ಮಸ್ ಆದಮೇಲೆ ಕಾಗದವಿಲ್ಲವೆಂದು ನೀನು ಮುಖ ಊದಿಸಿಕೊಂಡಿರುತ್ತೀಯೆಂದು ಗೊತ್ತು. ಆ ಊತ ಇಳಿಸುವ ಸುದ್ದಿ ತಂದಿದ್ದೇನೆ. ಮಾರ್ಚ್ ಒಂಬತ್ತರ ಗುರುವಾರ ಸಂಜೆ ಏಳೂವರೆಗೆ ನಿನ್ನ ತಮ್ಮ ರೇಡಿಯೊದಲ್ಲಿ ಮಾತನಾಡುತ್ತಾನೆ. ಇಷ್ಟು ವರ್ಷ ನಿಘಂಟಿನ ಕಚೇರಿಯ ಮೂಲೆಯಲ್ಲಿ ಕೂತು ಪದಗಳ ಹುಟ್ಟು ಸಾವು ಬರೆದುಕೊಂಡಿದ್ದವನನ್ನು ಈಗ ಇಡೀ ದೇಶ ಕೇಳಲಿದೆ. ನಗಬೇಡ, ದಿನಕ್ಕೆರಡು ಸಲ ಕನ್ನಡಿಯ ಮುಂದೆ ನಿಂತು ಓದಿ ನೋಡುತ್ತಿದ್ದೇನೆ.

ವಿಷಯ ಯಾವುದು ಗೊತ್ತೇ? ನಮ್ಮೂರ ಹೆಸರಿನ ಬಾಲ. ಹ್ಯಾದರ್‌ವೋಲ್ಡ್ ಎಂಬಲ್ಲಿನ ‘ವೋಲ್ಡ್’. ನಮ್ಮ ಯಾರ್ಕ್‌ಶೈರಿನಲ್ಲಿ ವೋಲ್ಡ್ ಎಂದರೆ ಬೋಳು ಗುಡ್ಡ. ಸುಣ್ಣಕಲ್ಲಿನ ಮೇಲೆ ಗಿಡ್ಡ ಹುಲ್ಲು, ಹುಲ್ಲಿನ ಮೇಲೆ ಕುರಿ, ಕುರಿಯ ಮೇಲೆ ಗಾಳಿ, ಅಷ್ಟೇ. ಆದರೆ ಸಾವಿರ ವರ್ಷದ ಹಿಂದೆ ನಮ್ಮ ಹಿರಿಯರ ಬಾಯಲ್ಲಿ ಆ ಮಾತಿಗೆ ಕಾಡು ಎಂದೇ ಅರ್ಥ. ಜರ್ಮನರು ಈಗಲೂ ಕಾಡಿಗೆ ‘ವಾಲ್ಡ್’ ಎನ್ನುತ್ತಾರೆ. ತೆಂಕಣದ ಕೆಂಟ್ ಸೀಮೆಯಲ್ಲಿ ಅದೇ ಮಾತಿನ ಒಡಹುಟ್ಟು ‘ವೀಲ್ಡ್’ ತನ್ನ ಓಕ್ ಮರಗಳನ್ನು ಬಿಟ್ಟುಕೊಟ್ಟಿಲ್ಲ. ನಮ್ಮವರು ಮಾತ್ರ ಮರ ಕಡಿದರು, ಹೆಸರು ಕಡಿಯಲು ಮರೆತರು. ಬೋಳು ನೆಲಕ್ಕೆ ಕಾಡಿನ ಹೆಸರು ಉಳಿಯಿತು. ಕೆಲವು ತಲೆಮಾರು ಕಳೆದ ಮೇಲೆ, ಬೋಳಾಗಿರುವುದನ್ನೇ ವೋಲ್ಡ್ ಎನ್ನುವುದೆಂದು ಮಕ್ಕಳು ತಿಳಿದರು. ಆಮೇಲೆ ಕವಿಗಳು ಬಂದು ಕಂಡ ಕಂಡ ಬಯಲಿಗೆಲ್ಲ ಅದನ್ನು ಅಂಟಿಸಿದರು. ಒಂದು ಮಾತು ತನ್ನ ಎದುರಾಳಿಯ ಮನೆಗೇ ಹೋಗಿ ಸಂಸಾರ ಹೂಡುವುದೆಂದರೆ ಇದು.

ಊರವರನ್ನೆಲ್ಲ ನಿನ್ನ ಅಡುಗೆಮನೆಗೆ ಕರೆ. ಊರಿಗೇ ಹಿರಿಯ ಕುರಿಗಾಹಿ ನಮ್ಮ ಅಮೋಸ್ ತಾತನನ್ನಂತೂ ಮರೆಯದೆ ಕರೆ, ಮುಂದಿನ ಕುರ್ಚಿಯಲ್ಲೇ ಕೂರಿಸು. ಅವರಿಗಾಗಿ ಒಂದು ಚಮತ್ಕಾರ ಇಟ್ಟಿದ್ದೇನೆ. ಏನೆಂದು ಈಗ ಹೇಳುವುದಿಲ್ಲ.

ನಿನ್ನ ತಮ್ಮ,
ಲಯನೆಲ್


ಹ್ಯಾದರ್‌ವೋಲ್ಡ್
13 ಮಾರ್ಚ್ 1972

ಲಯನೆಲ್,

ಕೇಳಿದೆವು. ಚೆನ್ನಾಗಿ ಕೇಳಿಸಿತು. ನಿನ್ನ ಭಾವ ವಿಲ್ಫ್ ರೇಡಿಯೊಗೆ ಹೊಸ ಬ್ಯಾಟರಿ ಹಾಕಿದ್ದರು. ಅಡುಗೆಮನೆಯಲ್ಲಿ ಕುರ್ಚಿ ಸಾಲದೆ ಪ್ರಾರ್ಥನಾ ಮಂದಿರದಿಂದ ಬೆಂಚು ತಂದು ಹಾಕಿದೆವು. ಒಡೆದ ಹಾಲಿನ ಟಾರ್ಟ್ ಮಾಡಿದ್ದೆ. ಸ್ವಲ್ಪ ಉಳಿಯಿತು.

ನಿನ್ನ ದನಿ ಥೇಟ್ ಅಪ್ಪನದು ಎಂದು ಕೆಲವರು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಅಮೋಸ್ ತಾತ ಚಹಾ ಕುಡಿಯುವ ಮೊದಲೇ ಎದ್ದು ಹೋದರು. ಕುರಿ ಈಯುವ ಕಾಲ ನೋಡು, ಕೆಲಸ ಇರುತ್ತದೆ.

ಇಲ್ಲಿಯ ಸುದ್ದಿ ಎಂದರೆ ಗುಡ್ಡದ್ದೇ. ಹೊಸ ಕಾಯಿದೆ ಬಂದಾಗ ಊರೆಲ್ಲ ಸೇರಿ ಗುಡ್ಡವನ್ನು ನಮ್ಮ ಗೋಮಾಳವೆಂದು ನೋಂದಾಯಿಸಿದ್ದೆವಲ್ಲ, ಅದಕ್ಕೆ ಕರ್ನಲ್ ಥ್ರೇಲ್ ತಕರಾರು ಹಾಕಿದ್ದಾರೆ. ಗುಡ್ಡ ಪೂರ್ತಿ ತಮ್ಮದೇ ಅಂತೆ. ನಮ್ಮ ಕುರಿ ಅಲ್ಲಿ ಮೇಯುತ್ತಿರುವುದು ಅವರ ತಾತ ಮುತ್ತಾತಂದಿರ ದಯೆಯಿಂದ ಅಂತೆ. ಬೇಲಿ ಹಾಕಿ, ಉತ್ತು, ಬಾರ್ಲಿ ಬಿತ್ತುತ್ತಾರಂತೆ. ಅಕ್ಟೋಬರಿನಲ್ಲಿ ಸರ್ಕಾರದ ಆಯುಕ್ತರು ಡ್ರಿಫೀಲ್ಡಿಗೆ ಬಂದು ವಿಚಾರಣೆ ಮಾಡುತ್ತಾರೆ. ಗುಡ್ಡ ಹೋದರೆ ಊರಿನವರೆಲ್ಲ ಕುರಿ ಮಾರಬೇಕು. ನಾವೂ ಮಾರಬೇಕು. ಕುರಿ ಬಿಟ್ಟು ವಿಲ್ಫ್‌ಗೆ ಬೇರೆ ಏನು ಗೊತ್ತಿದೆ ಹೇಳು.

ಎಲ್ಲೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಲ್ಲು, ಕುಳಿಗಳ ಹೆಸರು ಹಿಡಿದು ಹೇಳಬಲ್ಲವರು ಅಮೋಸ್ ತಾತ ಒಬ್ಬರೇ. ಅವರು ಹೇಳಿದ ಹೆಸರುಗಳನ್ನೇ ಅರ್ಜಿಯಲ್ಲಿ ಬರೆಸಿದ್ದೇವೆ, ಬಿಷಪ್ಪನ ಅಂಡು ಎಂಬ ಕಲ್ಲಿನ ಹೆಸರು ಸಮೇತ. ಕಚೇರಿಯ ಹುಡುಗಿ ಕೆಂಪಗಾಗಿ ಬರೆದುಕೊಂಡಳು. ಅವರ ಬಾಯಿಮಾತು ಬಿಟ್ಟರೆ ನಮ್ಮ ಹತ್ತಿರ ಬೇರೆ ಸಾಕ್ಷಿ ಇಲ್ಲ.

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ.

ಥರ್ಜಾ


ಆಕ್ಸ್‌ಫರ್ಡ್
21 ಮಾರ್ಚ್ 1972

ಥರ್ಜಕ್ಕಾ,

ಕಾಲುಚೀಲ ಬಂತು, ಹಾಕಿಕೊಂಡೇ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ ಖುಷಿಯಾಯಿತು. ಪ್ರಾರ್ಥನಾ ಮಂದಿರದ ಬೆಂಚು ರೇಡಿಯೊಗಾಗಿ ಹೊಸಿಲು ದಾಟಿದ್ದು ಚರಿತ್ರೆಯಲ್ಲೇ ಮೊದಲಿರಬೇಕು.

ಇಲ್ಲಿ ನನ್ನ ಸ್ಥಿತಿ ಕೇಳಬೇಡ. ಕೇಳುಗರ ಕಾಗದಗಳು ಚೀಲಗಟ್ಟಲೆ ಬರುತ್ತಿವೆ. ಎಲ್ಲರಿಗೂ ಹಿಡಿಸಿದ್ದು ಪದದ ಇತಿಹಾಸವಲ್ಲ, ಅಮೋಸ್ ತಾತನ ಪ್ರಸಂಗ. ನಾನು ಆ ದನಿಯನ್ನು ಅಷ್ಟು ಚೆನ್ನಾಗಿ ಹಿಡಿದಿಟ್ಟುಕೊಂಡಿದ್ದೇನೆಂದು ನನಗೇ ತಿಳಿದಿರಲಿಲ್ಲ. ಮೊನ್ನೆ ಕಾಲೇಜಿನ ಭೋಜನದಲ್ಲಿ ಮತ್ತೆ ಮಾಡಿಸಿದರು. ಹ್ಯೂಗೋ ಪೆಲ್ಲಮ್ ಎಂಬ ದೊಡ್ಡ ವಕೀಲರು ಬಂದಿದ್ದರು. ನಕ್ಕು ನಕ್ಕು ಕರವಸ್ತ್ರ ಕಣ್ಣಿಗೆ ಒತ್ತಿಕೊಂಡರು.

ತಾತ ಸಂಕೋಚದ ಮನುಷ್ಯ. ಹೊಗಳಿದರೆ ಎದ್ದು ಹೋಗುವುದು ಅವರ ಹಳೆಯ ಚಾಳಿ. ಅವರಿಂದ ಇಂಥವೇ ಇನ್ನೊಂದೆರಡು ಕಥೆ ಕೇಳಿ ಬರೆದು ಕಳಿಸುತ್ತೀಯಾ? ರೇಡಿಯೊದವರು ಇನ್ನೊಂದು ಮಾತು ಕೇಳುತ್ತಿದ್ದಾರೆ.

ವಿಚಾರಣೆಯ ಬಗ್ಗೆ ಚಿಂತೆ ಬೇಡ. ನಿಮ್ಮ ಪಕ್ಷದಲ್ಲಿ ಸತ್ಯವಿದೆ.

ಲಯನೆಲ್


ಹ್ಯಾದರ್‌ವೋಲ್ಡ್
14 ಮೇ 1972

ಲಯನೆಲ್,

ಎರಡು ತಿಂಗಳು ಯಾಕೆ ಬರೆಯಲಿಲ್ಲ ಎಂದು ನೀನು ಎರಡು ಸಲ ಕೇಳಿದ್ದೀಯ. ಬರೆಯಲು ಕೂತರೆ ಬೈಗುಳ ಬರುತ್ತಿತ್ತು, ಅದಕ್ಕೆ. ಒಡಹುಟ್ಟಿದವನು, ಹೋಗಲಿ ಎಂದು ನುಂಗಿಕೊಂಡಿದ್ದೆ. ಇನ್ನು ಆಗುವುದಿಲ್ಲ.

ಕಳೆದ ಭಾನುವಾರ, ವರ್ಷಕ್ಕೊಮ್ಮೆ ಊರೆಲ್ಲ ಗಡಿಗುರುತು ನೋಡುತ್ತ ಎಲ್ಲೆ ಸುತ್ತುವ ದಿನ. ಪಾದ್ರಿಗಳು ಬಂದರು, ಮಕ್ಕಳು ಬಂದರು, ಬುತ್ತಿ ಕಟ್ಟಿಕೊಂಡು ಊರೆಲ್ಲ ಬಂತು. ಅಮೋಸ್ ತಾತ ಬರಲಿಲ್ಲ. ನನಗೆ ತಿಳುವಳಿಕೆ ಬಂದಮೇಲೆ ಅವರಿಲ್ಲದೆ ಎಲ್ಲೆ ಸುತ್ತಿದ್ದೇ ಇಲ್ಲ. ಹೇಲುಕಣಿವೆ ದಾಟಿದ ಮೇಲೆ ಎಡಕ್ಕೋ ಬಲಕ್ಕೋ ಎಂದು ಗಂಡಸರೇ ಜಗಳವಾಡಿದರು. ಬಜಾರಿಗುಂಡಿ ಕೊನೆಗೂ ಸಿಗಲಿಲ್ಲ. ಪಾದ್ರಿಗಳು ಸಿಕ್ಕಿದ ಕಲ್ಲಿಗೆ ಪ್ರಾರ್ಥನೆ ಹೇಳಿ ಮುಗಿಸಿದರು. ಕರ್ನಲ್ಲರ ಮೇಸ್ತ್ರಿ ಅವರ ಹೊಲದ ಬೇಲಿಗೆ ಒರಗಿಕೊಂಡು ಎಲ್ಲವನ್ನೂ ನೋಡುತ್ತಿದ್ದ.

ಆ ಗುರುವಾರ ಏನಾಯಿತು ಕೇಳು. ನೀನು ಹೇಳಿದಂತೆ ತಾತನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆ. ಅವರು ಮದುವೆಯ ಕೋಟು ಹಾಕಿಕೊಂಡು ಬಂದಿದ್ದರು. “ನಮ್ ಹುಡ್ಗ, ನಮ್ ಹುಡ್ಗ” ಎಂದು ಪಕ್ಕದವರಿಗೆಲ್ಲ ಹೇಳಿದರು. ಕಾಡು, ಜರ್ಮನಿ ಎಂದೆಲ್ಲ ನೀನು ಹೇಳುವಾಗ ಅರ್ಥವಾಗದಿದ್ದರೂ ತಲೆದೂಗಿದರು. ಆಮೇಲೆ ನೀನು ಅವರ ದನಿಯಲ್ಲೇ ಶುರು ಮಾಡಿದೆ.

“ಕೇಳ್ ಮಗಾ, ದ್ಯಾವ್ರು ಗಾಡಿ ತುಂಬ ಮರ ಹೇರ್ಕಂಡು ಊರೂರಿಗೆ ಹಂಚ್ಕಂಡ್ ಬಂದ. ನಮ್ಮೋರು, ‘ಬ್ಯಾಡ ಸ್ವಾಮಿ, ಮರ ಹುಲ್ಲಿಗೆ ನೆಳ್ಳು ಮಾಡ್ತದೆ, ಕುರಿ ಇದ್ರೆ ಕೊಡಿ’ ಅಂದ್ರು. ಮರ ಬ್ಯಾಡ ಅಂದ್ ಜಾಗಕ್ಕೇ ವೋಲ್ಡ್ ಅನ್ನಾದು.”

ಆ ಕೆಮ್ಮು, ಆ ಮೂಗು ಎಳೆಯುವುದು, ಹಲ್ಲಿಲ್ಲದ ಬಾಯಿಯ ಆ ಸಪ್ಪಳ, ಎಲ್ಲ ಸೇರಿಸಿದೆ. ನೀನು ಏಳು ವರ್ಷದವನಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಅವರು ನಿನಗೆ ಹೇಳಿದ ಕಥೆ ಅದು. ಕೊನೆಗೆ ನೀನು, “ನಮ್ಮ ಹಳ್ಳಿಯ ಮಹಾಪಂಡಿತರು ನಿಘಂಟು ಬರೆಯುವುದು ಹೀಗೆ” ಅಂದೆ. ರೇಡಿಯೊದೊಳಗೆ ಯಾರೋ ನಕ್ಕರು. ಇಲ್ಲಿ ಯಾರೂ ನಗಲಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ತಾತ ಸುತ್ತ ನೋಡಿದರು, “ಕೊಟ್ಟಿಗೆ ಬಾಗ್ಲು ಹಾಕಿಲ್ಲ ಕಣವ್ವ” ಎಂದು ಎದ್ದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ನೆಲ ನೋಡುತ್ತ ನಿಂತಿದ್ದೆ. ನಿನ್ನ ದನಿ ನನ್ನ ಮನೆಯ ರೇಡಿಯೊದಿಂದಲೇ ಬಂದಿತ್ತಲ್ಲ.

ಈಗ ಬೀದಿಯ ಹುಡುಗರು ಅವರ ಹಿಂದೆ “ಬ್ಯಾಡ ಸ್ವಾಮಿ, ಬ್ಯಾಡ ಸ್ವಾಮಿ” ಎಂದು ಕೂಗುತ್ತಾರೆ. ಅವರು ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಾರೆ. ವಿಚಾರಣೆಗೆ ಬರುವುದಿಲ್ಲ ಎನ್ನುತ್ತಾರೆ. “ನಾನ್ ಬಾಯಿ ಬಿಟ್ರೆ ಜನ ನಗ್ತಾರೆ ಥರ್ಜಾ. ಓದ್ದೋರ್ ಮುಂದೆ ನಮ್ ಮಾತು ತೂಗಲ್ಲ. ನಮ್ ಹುಡ್ಗನೇ ನಕ್ಕ ಮ್ಯಾಲೆ ಕರ್ನಲ್ ಬುಡ್ತಾರಾ?” ಎನ್ನುತ್ತಾರೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನು ಸರಿಮಾಡುವ ದಾರಿ ನೀನೇ ಹುಡುಕು.

ಥರ್ಜಾ


ಆಕ್ಸ್‌ಫರ್ಡ್
19 ಮೇ 1972

ಪ್ರಿಯ ಥರ್ಜಕ್ಕ,

ನಿನ್ನ ಕಾಗದ ಓದಿ ಬಹಳ ನೊಂದೆ. ಆದರೂ ಒಂದು ಮಾತು ಹೇಳಲೇಬೇಕು. ನಾನು ಎಲ್ಲಿಯೂ ತಾತನ ಹೆಸರು ಹೇಳಿರಲಿಲ್ಲ. ಅದು ಪ್ರೀತಿಯಿಂದ ಮಾಡಿದ್ದು. ಆ ದನಿಯನ್ನು ಪ್ರೀತಿಸದಿದ್ದರೆ ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿದ್ದೆನೇ? ಅಡುಗೆಮನೆಯ ಮಬ್ಬಿನಲ್ಲಿ ನೀವು ಅದನ್ನು ಬೇರೆ ರೀತಿ ಕೇಳಿರಬೇಕು. ಇಲ್ಲಿ ಯಾರಿಗೂ ಅದು ಅವಹೇಳನವೆನ್ನಿಸಲಿಲ್ಲ.

ತಾತನಿಗೆ ಪ್ರತ್ಯೇಕ ಕಾಗದವೊಂದನ್ನು ಇದರೊಂದಿಗೆ ಇಟ್ಟಿದ್ದೇನೆ. ಅವರ ಕಥೆಯನ್ನು ಜಾನಪದ ವ್ಯುತ್ಪತ್ತಿಯ ಉತ್ತಮ ಮಾದರಿಯೆಂದು ವಿದ್ವಾಂಸರು ಹೇಗೆ ಗೌರವಿಸುತ್ತಾರೆಂದು ವಿವರಿಸಿದ್ದೇನೆ. ಓದಿ ಹೇಳು. ಸಮಾಧಾನವಾಗುತ್ತದೆ.

ವಿಚಾರಣೆಗೆ ಬೇಕಿದ್ದರೆ ನಾನೇ ಒಂದು ಟಿಪ್ಪಣಿ ಬರೆದುಕೊಡಬಲ್ಲೆ.

ಲಯನೆಲ್


ಹ್ಯಾದರ್‌ವೋಲ್ಡ್
2 ಜೂನ್ 1972

ಲಯನೆಲ್,

ಓದಿ ಹೇಳಿದೆ. ತಾತ ಕೊನೆಯವರೆಗೂ ಕೇಳಿದರು. ಆಮೇಲೆ, “ಅದೇನವ್ವ ಅದು, ಜಾನಪದ ಯುತ್ಪತ್ತಿ? ಕುರಿಗೆ ಬರೋ ಕಾಯ್ಲೆ ಹೆಸ್ರಿದ್ದಂಗದೆ” ಅಂದರು. ನನಗೆ ನಗು ಬಂತು, ಅವರೂ ನಕ್ಕರು. ನಕ್ಕ ಮೇಲೆ, “ನನಗೆ ಅದು ಬಂದದೆ ಅಂತ ಬರ್ದವನಾ?” ಎಂದು ಕೇಳಿದರು. ನಿಜವಾಗಿಯೇ ಕೇಳಿದರು. ಕಾಗದವನ್ನು ಒಲೆಗೆ ಹಾಕಿದೆ.

ಅಷ್ಟು ದೊಡ್ಡ ಕಾಗದದಲ್ಲಿ ‘ತಪ್ಪಾಯಿತು’ ಎಂಬ ಒಂದು ಮಾತು ಹುಡುಕಿದೆ. ಇರಲಿಲ್ಲ. ನಿಮ್ಮ ನಿಘಂಟಿನಲ್ಲಿ ಇದೆಯೋ ಇಲ್ಲವೋ.

ಮಬ್ಬು ಅಡುಗೆಮನೆ ಅಂದೆಯಲ್ಲ, ನೀನು ಅಕ್ಷರ ಕಲಿತದ್ದು ಅಲ್ಲೇ.

ಟಿಪ್ಪಣಿ ಬೇಡ. ಅಕ್ಟೋಬರ್ ಹನ್ನೊಂದಕ್ಕೆ ವಿಚಾರಣೆ. ನೀನೇ ಬಾ. ಮುಂದಿನ ಸಾಲಿನಲ್ಲಿ ನಮ್ಮ ಜೊತೆ ಕೂತುಕೋ. ‘ಇವರು ನನ್ನ ಜನ, ಈ ತಾತನ ಕೈ ಹಿಡಿದು ನಾನು ಎಲ್ಲೆ ಸುತ್ತಿದ್ದೇನೆ’ ಎಂದು ಎಲ್ಲರ ಮುಂದೆ ಹೇಳು. ಅಷ್ಟು ಹೇಳಿದರೆ ಅವರ ನಾಲಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಥರ್ಜಾ


ಹ್ಯಾದರ್‌ವೋಲ್ಡ್
20 ಸೆಪ್ಟೆಂಬರ್ 1972

ಲಯನೆಲ್,

ಬೇಸಿಗೆಯೆಲ್ಲ ನಿನ್ನಿಂದ ಉತ್ತರವಿಲ್ಲ. ಆದರೂ ನೀನು ಬರುತ್ತೀಯೆಂದು ನಾನು ತಾತನಿಗೆ ಹೇಳಿಬಿಟ್ಟಿದ್ದೇನೆ. “ಹುಡ್ಗ ಬತ್ತಾನೆ ಅಂದ್ರೆ ನಾನೂ ಬತ್ತೀನಿ ಬುಡು” ಅಂದರು. ಕೋಟು ಒಗೆದು ಒಣಗಿಸಿದ್ದಾರೆ. ನನ್ನ ಮಾತು ಸುಳ್ಳು ಮಾಡಬೇಡ.

ಥರ್ಜಾ


ಆಕ್ಸ್‌ಫರ್ಡ್
25 ಸೆಪ್ಟೆಂಬರ್ 1972

ಅಕ್ಕಾ,

ಬರುತ್ತೇನೆ. ಹತ್ತನೆಯ ತಾರೀಖು ಯಾರ್ಕ್‌ನಲ್ಲಿ ಉಳಿದು ಬೆಳಗಿನ ರೈಲು ಹಿಡಿಯುತ್ತೇನೆ. ತಾತನಿಗೆ ಹೇಳು.

ಲಯನೆಲ್


ಆಕ್ಸ್‌ಫರ್ಡ್
13 ಅಕ್ಟೋಬರ್ 1972

ಪ್ರಿಯ ಥರ್ಜಕ್ಕ,

ಹೇಗೆ ಕ್ಷಮೆ ಕೇಳಲಿ? ಹೊರಡುವ ಹಿಂದಿನ ದಿನ ಜ್ವರ ಹಿಡಿಯಿತು. ಎದೆಯಲ್ಲಿ ಕಫ ಕಟ್ಟಿ ಹಾಸಿಗೆಯಿಂದ ಏಳಲಾಗಲಿಲ್ಲ. ತಂತಿ ಕೊಡೋಣವೆಂದರೆ ಕಳಿಸಲು ಯಾರೂ ಇರಲಿಲ್ಲ. ಇಂದು ಸ್ವಲ್ಪ ಗಂಜಿ ಕುಡಿದು ಬರೆಯುತ್ತಿದ್ದೇನೆ.

ಹೇಗಾಯಿತು? ತಾತ ಮಾತನಾಡಿದರೇ? ಅವರು ಗಾಬರಿಗೆ ಬಿದ್ದು ದೊಡ್ಡ ದೊಡ್ಡ ಮಾತು ಬಳಸಿಬಿಟ್ಟಾರೆಂಬ ಅಳುಕು ನನಗಿತ್ತು. ಹಳ್ಳಿಯ ಜನ ಅಧಿಕಾರಿಗಳ ಮುಂದೆ ಹಾಗೆ ಮಾಡುವುದುಂಟು. ಹಾಗೇನಾದರೂ ಆಗಿದ್ದರೆ ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಲಯನೆಲ್


ಹ್ಯಾದರ್‌ವೋಲ್ಡ್
5 ನವೆಂಬರ್ 1972

ಲಯನೆಲ್,

ಆಯುಕ್ತರ ತೀರ್ಪು ಬಂದಿದೆ. ಗುಡ್ಡ ಕರ್ನಲ್ಲರದು. ಎಲ್ಲೆ ಯಾವುದೆಂದು ಊರವರು ತೋರಿಸಿಕೊಡಲಿಲ್ಲವಂತೆ. ಬೇಲಿಯ ಕಂಬಗಳು ಆಗಲೇ ಬಂದು ಬಿದ್ದಿವೆ. ಮುಂದಿನ ಸಂತೆಗೆ ವಿಲ್ಫ್ ಕುರಿ ಹೊಡೆದುಕೊಂಡು ಹೋಗುತ್ತಾರೆ. ನಿನ್ನ ಭಾವ ಅಳುವುದನ್ನು ನಾನು ನೋಡಿರಲಿಲ್ಲ, ನೋಡಿದೆ. ಕಾಡಿನ ಹೆಸರು ಬೋಳಿಗೆ ಬಂತು ಎಂದು ರೇಡಿಯೊದಲ್ಲಿ ಹೇಳಿದೆಯಲ್ಲ, ಇನ್ನು ಮುಂದೆ ಅದು ತಂತಿಬೇಲಿಯ ಮೇಲಿನ ಹಲಗೆಗೆ ಹೋಗುತ್ತದೆ. ‘ವೋಲ್ಡ್ ಫಾರ್ಮ್, ಒಳಗೆ ಬರಬಾರದು’ ಎಂದು ಬರೆಸುತ್ತಾರಂತೆ. ಮುಂದೆ ಹುಟ್ಟುವ ಮಕ್ಕಳಿಗೆ ವೋಲ್ಡ್ ಎಂದರೆ ಅದೇ. ನಿನ್ನ ನಿಘಂಟಿಗೆ ಇದನ್ನೂ ಸೇರಿಸಿಕೊ.

ಇಷ್ಟು ದಿನ ನಿನ್ನ ಜ್ವರದ ಕಾಗದವನ್ನು ಇಟ್ಟುಕೊಂಡು ಕೂತಿದ್ದೆ. ತಾನಾಗಿ ಹೇಳುತ್ತಾನೇನೋ ಎಂದು ಕಾದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಾತ ದೊಡ್ಡ ದೊಡ್ಡ ಮಾತು ಬಳಸುತ್ತಾರೆಂಬ ಅಳುಕು ಹಾಸಿಗೆಯಲ್ಲಿ ಮಲಗಿದ್ದವನಿಗೆ ಹೇಗೆ ಬಂತು?

ನೀನು ಅಲ್ಲಿದ್ದೆ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಕೋಟಿನ ಕಾಲರ್ ಎತ್ತಿಕೊಂಡು. ನಾನು ನೋಡಲಿಲ್ಲ. ನೋಡಿದ್ದು ತಾತ.

ಅವರು ಚೆನ್ನಾಗಿ ಶುರು ಮಾಡಿದ್ದರು ಲಯನೆಲ್. ನೀನು ಬಾರದ ಮೇಲೆ ಅವರೂ ಮನೆಗೆ ಹೊರಟಾರೆಂದು ನಾನು ಹೆದರಿದ್ದೆ. “ರೈಲು ತಡ ಆಗದೆ, ಬತ್ತಾನೆ” ಎಂದು ನನಗೇ ಧೈರ್ಯ ಹೇಳಿ ಕೋಲೂರಿಕೊಂಡು ಎದ್ದರು. “ಎಲ್ಲೆ ಎಲ್ಲಿಂದ ಶುರು?” ಎಂದು ಆಯುಕ್ತರು ಕೇಳಿದರು. “ಬಿಷಪ್ಪನ ಅಂಡಿನಿಂದ ಸ್ವಾಮಿ” ಅಂದರು. ಸಭೆಯೆಲ್ಲ ಗೊಳ್ಳೆಂದಿತು. ಕೆಟ್ಟ ನಗುವಲ್ಲ, ಆಯುಕ್ತರೂ ನಕ್ಕರು. ತಾತನೂ ನಗುತ್ತ ಸಭೆಯ ಕಡೆ ತಿರುಗಿದರು. ಆಗ ನಿನ್ನನ್ನು ಕಂಡರು. ಎಲ್ಲರೂ ನಗುತ್ತಿದ್ದರೆ ನೀನೊಬ್ಬ ತಲೆ ತಗ್ಗಿಸಿ ಕೂತಿದ್ದೆಯಂತೆ.

ಅಲ್ಲಿಂದ ಅವರ ಮಾತೇ ಬೇರೆಯಾಯಿತು. “ಕ್ಷಮಿಸಬೇಕು, ಗುರುಗಳ ಪೀಠ” ಅಂದರು. ಕರ್ನಲ್ಲರ ವಕೀಲ ಎದ್ದು ನಿಂತ. “ಅರ್ಜಿಯಲ್ಲಿ ಇಂಥ ಹೆಸರಿಲ್ಲವಲ್ಲ. ಅದೂ ಇದೂ ಒಂದೆಯೋ ಬೇರೆಯೋ?” ಎಂದು ಕೇಳಿದ. ಮತ್ತೆ ಆ ಮಾತು ಆಡಬೇಕಾಗುತ್ತದೆಂದು ತಾತ, “ಬೇರೆ ಸ್ವಾಮಿ” ಅಂದುಬಿಟ್ಟರು. ಹೇಲುಕಣಿವೆ ಹೋಗಿ ‘ಗೊಬ್ಬರದ ಕಣಿವೆ’ ಆಯಿತು. ಬಜಾರಿಗುಂಡಿ ‘ಮಹಿಳೆಯ ಸರೋವರ’ ಆಯಿತು. ಬಾಯಿಗೆ ಬಾರದ ಮಾತುಗಳನ್ನು ರೇಡಿಯೊದವರ ಹಾಗೆ ಒತ್ತಿ ಒತ್ತಿ ಹೇಳಿದರು. ಬೆವರು ಗದ್ದದಿಂದ ಇಳಿಯುತ್ತಿತ್ತು. ನಾನು ಎದ್ದು ಕೂಗಿದೆ, “ತಾತಾ, ಮನೇಲಿ ಹೇಳ್ದಂಗೆ ಹೇಳಿ!” ಎಂದು. ಸುಮ್ಮನಿರದಿದ್ದರೆ ಹೊರಗೆ ಹಾಕಿಸುತ್ತೇನೆಂದು ಆಯುಕ್ತರು ಗದರಿಸಿದರು. ಅರ್ಜಿಯಲ್ಲಿರುವ ಒಂದು ಜಾಗವೂ ಸಾಕ್ಷಿಗೆ ಗೊತ್ತಿಲ್ಲ ಎಂದು ವಕೀಲ ಬರೆಸಿಕೊಂಡು ಕೂತ.

ಮನೆಗೆ ಬರುವಾಗ ಬಸ್ಸಿನಲ್ಲಿ, “ಯಾಕೆ ತಾತ ಹಂಗ್ ಮಾಡಿದ್ರಿ?” ಎಂದು ಅತ್ತುಕೊಂಡು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ಹುಡ್ಗ ಅಷ್ಟ್ ದೂರದಿಂದ ಬಂದಿದ್ದ ಕಣವ್ವ. ಅವನ್ ಸ್ನೇಹಿತ್ರೆಲ್ಲ ದೊಡ್ ಮನುಷ್ಯರು. ನಾನ್ ಅಂಡು ಪಂಡು ಅಂದ್ರೆ ಅವನ್ ಮಾನ ಏನಾಗಬೇಕು? ತಲೆ ತಗ್ಸಿದ್ದ, ನೋಡ್ದೆ. ಅವನಿಗ್ ನಾಚ್ಕೆ ಆಗ್ಬಾರ್ದು ಅಂತ ಮಾಡ್ದೆ.”

ಗುಡ್ಡ ಹೋಯಿತೆಂದು ಅವರಿಗೆ ಹೇಳಿದ್ದೇವೆ. ಯಾಕೆ ಹೋಯಿತೆಂದು ಹೇಳಿಲ್ಲ. ಎದುರು ಸಿಕ್ಕಾಗಲೆಲ್ಲ, “ನನ್ ಮಾತು ಹೆಂಗಿತ್ತಂತೆ? ಲಯನೆಲ್ಲು ಏನ್ ಬರ್ದವ್ನೆ?” ಎಂದು ಕೇಳುತ್ತಾರೆ. “ಬಹಳ ಚೆನ್ನಾಗಿ ಮಾತಾಡಿದ್ರಂತೆ” ಎಂದು ನಾನು ಸುಳ್ಳು ಹೇಳುತ್ತಿದ್ದೇನೆ. ಅದನ್ನು ಕೇಳಿ ಅವರ ಮುಖ ಅರಳುವುದನ್ನು ನನಗೆ ನೋಡಲಾಗುವುದಿಲ್ಲ. ಇನ್ನು ನಿನ್ನ ಪಾಲಿನ ಸುಳ್ಳನ್ನು ನಾನು ಹೊರುವುದಿಲ್ಲ.

ಥರ್ಜಾ


ಡ್ರಿಫೀಲ್ಡ್ ರೈಲು ನಿಲ್ದಾಣ
11 ನವೆಂಬರ್ 1972

ಅಮೋಸ್ ತಾತಾ,

ಈ ಮಾತಲ್ಲಿ ನಾನು ಯಾವತ್ತೂ ಬರ್ದಿಲ್ಲ. ಮೂರ್ ಸಲ ಬರ್ದು ಹರ್ದು ಹಾಕ್ದೆ, ಮೂರ್ ಸಲಾನೂ ನಡುವೆ ನನ್ ಆಕ್ಸ್‌ಫರ್ಡ್ ಮಾತು ನುಗ್ತು.

ಅಕ್ಕ ನಿಮಗೆ ಸುಳ್ಳು ಹೇಳವ್ಳೆ. ನೀವು ಚೆನ್ನಾಗಿ ಮಾತಾಡಿದ್ರಿ ಅಂತ ನಾನ್ ಹೇಳ್ಲಿಲ್ಲ. ನೀವು ಕೆಟ್ಟದಾಗಿ ಮಾತಾಡಿದ್ರಿ ತಾತ. ನನ್ ಥರ ಮಾತಾಡಿದ್ರಿ. ಗುಡ್ಡ ಹೋಗಿದ್ದು ಅದಕ್ಕೇ. ತಪ್ಪು ನಿಮ್ದಲ್ಲ, ನಂದು.

ರೇಡಿಯೊದಲ್ಲಿ ನಿಮ್ಮನ್ನ ಅಣಕಿಸ್ದೆ. ಪ್ರೀತಿಯಿಂದ ಮಾಡ್ದೆ ಅಂತ ಅಕ್ಕನಿಗೆ ಬರ್ದೆ. ಪ್ರೀತಿಯಿಂದ ಅಲ್ಲ. ನಾನ್ ನಿಮ್ ಥರ ಅಲ್ಲ ಅಂತ ಅವರಿಗೆಲ್ಲ ತೋರ್ಸಬೇಕಾಗಿತ್ತು.

ವಿಚಾರಣೆ ದಿನ ನಿಮ್ ಜೊತೆ ಕೂರಬೇಕು ಅಂತ್ಲೇ ಬಂದೆ. ಮೆಟ್ಲ ಮ್ಯಾಲೆ ಕರ್ನಲ್ ವಕೀಲ ಎದುರಾದ. ಪೆಲ್ಲಮ್ ಅಂತ, ಕಾಲೇಜಿನ ಊಟದಲ್ಲಿ ನಾನ್ ನಿಮ್ಮನ್ನ ಅಣಕಿಸ್ದಾಗ ನಕ್ಕಿದ್ದೋನು. “ಏನಯ್ಯ ನೀನಿಲ್ಲಿ? ಇವರೇನು ನಿನ್ ಕಡೆಯೋರಾ?” ಅಂದ. ನಾನು, “ಇಲ್ಲಪ್ಪ, ಸುಮ್ನೆ ಊರ ಹೆಸ್ರಿನ ಕುತೂಹಲಕ್ಕೆ ಬಂದೆ” ಅಂದೆ. ಅಂದ್ಮೇಲೆ ಮುಂದಿನ ಸಾಲು ಬಿಟ್ಟು ಬಾಗ್ಲ ಪಕ್ಕ ಹೋಗಿ ಕುಂತೆ.

ನೀವು ಬಿಷಪ್ಪನ ಅಂಡು ಅಂದ್ರಿ. ಎಲ್ರೂ ನಕ್ರು, ನಾನ್ ತಲೆ ತಗ್ಸಿದೆ. ನೀವು ಸರಿಯಾಗೇ ನೋಡಿದ್ರಿ. ನಂಗೆ ನಾಚ್ಕೆ ಆಯ್ತು. ನಿಮ್ ಮ್ಯಾಲೇ ನಾಚ್ಕೆ ಆಯ್ತು. ನನ್ನನ್ನ ಹೆಗಲ ಮ್ಯಾಲೆ ಹೊತ್ಕೊಂಡು ಆ ಕಲ್ಲಿನ ಮ್ಯಾಲೆ ಕೂರ್ಸಿ, “ಈಗ ನೀನ್ ಬಿಷಪ್ಪನ ಅಂಡಿನ ಮ್ಯಾಲೆ ಕುಂತಿದೀಯ ಮಗಾ” ಅಂತ ನಗ್ಸಿದ್ರಲ್ಲ, ಅದೇ ಮಾತು. ಅದೇ ದನಿ. ನೀವು ನನ್ ಮಾನ ಉಳಿಸೋಕೆ ನಿಮ್ ಮಾತನ್ನೇ ಬಿಟ್ಟು, ಬೆವರು ಸುರಿಸ್ಕೊಂಡು ನಿಂತಿದ್ರಿ. ಆವಾಗ್ಲಾದ್ರೂ ನಾನ್ ಎದ್ದು, “ಅವೆರಡೂ ಒಂದೇ ಜಾಗ ಸ್ವಾಮಿ, ನಾನ್ ಅದರ ಮ್ಯಾಲೆ ಕುಂತಿದೀನಿ” ಅನ್ನಬೋದಿತ್ತು. ಅಷ್ಟೇ ಸಾಕಾಗಿತ್ತು. ಎಲ್ಲಾ ಪದದ ಹುಟ್ಟು ಗೊತ್ತಿರೋನ ಬಾಯಿಂದ ಆ ಒಂದ್ ಮಾತು ಹೊರಡ್ಲಿಲ್ಲ.

ಗುಡ್ಡ ವಾಪಸ್ ಬರಲ್ಲ. ವಿಲ್ಫ್ ಭಾವನ ಕುರಿ ಬರಲ್ಲ. ತಪ್ಪಾಯ್ತು ತಾತ.

ಈ ಕಾಗದ ಅಂಚೆಗೆ ಹಾಕ್ತಿಲ್ಲ. ಎರಡು ಗಂಟೆ ಬಸ್ಸಿಗೆ ನಾನೇ ತರ್ತಿದೀನಿ. ಅಕ್ಕನ ಅಡುಗೆಮನೇಲಿ ಊರೋರ್ನೆಲ್ಲ ಕೂರ್ಸಿ ಅವಳ ಕೈಲೇ ಓದಿಸ್ತೀನಿ, ನಿಮ್ ಎದುರಿಗೇ ಕೂತಿರ್ತೀನಿ. ಅವಳು ಓದಿ ಮುಗ್ಸಿದ ಮ್ಯಾಲೆ ನಿಮಗೆ ಏನ್ ಅನ್ಬೇಕು ಅನ್ಸುತ್ತೋ ಅನ್ನಿ, ಎಲ್ರ ಮುಂದೇನೇ ಅನ್ನಿ. ಈ ಸಲ ತಲೆ ತಗ್ಸಲ್ಲ. ನಿಮ್ ಮುಖಾನೇ ನೋಡ್ತಿರ್ತೀನಿ.

ಲಯನೆಲ್